ಆಯಿಯ ಕಾಲಿನ ಕೆಂಪು ಉಂಗುರ

ಹೋದ ವರ್ಷದ ಚಳಿಗಾಲದ ಮಾತು. ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಹಂಗಾಮು ಶುರುವಾಯಿತೆಂದರೆ ಅವರು ನಮ್ಮ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾರೆ. ನಾನು ಸರಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಜನರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ಎಳೆಯುವುದೇ ನನ್ನ ಕಸುಬು. ಬಾಯಿ ಸ್ವಲ್ಪ ಜೋರು. ಸೂಜಿ ನೋಡಿ ಅಳುವ ದೊಡ್ಡ ದೊಡ್ಡ ಮೀಸೆಯ ಗಂಡಸರನ್ನು ಗದರಿಸಿ ಗದರಿಸಿ ಹಾಗಾಗಿದೆ ಎಂದು ಇಟ್ಟುಕೊಳ್ಳಿ.

ಒಂದು ದಿನ ಲ್ಯಾಬಿನ ಫ್ರಿಜ್ಜಿನ ಹಿಂದಿನಿಂದ ಸಣ್ಣ ದನಿ ಕೇಳಿಸಿತು. ಬಗ್ಗಿ ನೋಡಿದರೆ ಬೂದು ಬಣ್ಣದ ಬೆಕ್ಕಿನ ಮರಿ. ಫ್ರಿಜ್ಜಿನ ಹಿಂದೆ ಬೆಚ್ಚಗಿರುತ್ತದಲ್ಲ, ಅಲ್ಲಿ ಮುದುಡಿಕೊಂಡು ಕೂತಿತ್ತು. ತಾಯಿ ಎಲ್ಲಿ ಹೋಯಿತೋ ಏನೋ, ಎರಡು ದಿನ ಕಾದರೂ ಬರಲಿಲ್ಲ. ನನಗೆ ಬೆಕ್ಕು ಅಂದರೆ ಅಷ್ಟಕ್ಕಷ್ಟೇ. ಆದರೂ ಕಸ ಹೊಡೆಯುವವರು ಅದನ್ನು ಹೊರಗೆ ಹಾಕುತ್ತೇವೆ ಎಂದಾಗ ಯಾಕೋ ಮನಸ್ಸು ತಡೆಯಲಿಲ್ಲ. ಊಟದ ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ಉಗುರುಗಳು ಮಾತ್ರ ಬಟ್ಟೆ ದಾಟಿ ಚುಚ್ಚುತ್ತಿದ್ದವು. ಅದಕ್ಕೆ ಸೂಜಿ ಅಂತಲೇ ಹೆಸರಿಟ್ಟೆ.

ನಾವಿರುವುದು ಬನಹಟ್ಟಿಯಲ್ಲಿ, ಬಾಡಿಗೆ ಮನೆ. ಓಣಿಯ ತುಂಬ ಮಗ್ಗಗಳು, ಕರೆಂಟು ಇರುವಷ್ಟು ಹೊತ್ತೂ ಖಟಖಟ ಸದ್ದು. ಮನೆಯ ಮಾಲೀಕರು ಜೈನರು, ಮೂಲ ತೇರದಾಳದವರು. ಮುಂದಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ನಾವು, ನಡುವೆ ಒಂದೇ ಅಂಗಳ. ಮಗ ನೂಲಿನ ಅಂಗಡಿ ನೋಡಿಕೊಳ್ಳುತ್ತಾನೆ, ಸೊಸೆ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಮನೆಯ ಯಜಮಾನಿಕೆ ಮಾತ್ರ ಅಜ್ಜಿಯದು. ಹೆಸರು ಚಂಪಾಬಾಯಿ. ಓಣಿಯವರೆಲ್ಲ ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತೆಳ್ಳಗಿನ ಮೈ, ದಪ್ಪ ಗಾಜಿನ ಚಷ್ಮಾ, ಬಿಳಿ ಸೀರೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ನೀರು ಸೋಸದೆ ಕುಡಿಯುವಂತಿಲ್ಲ.

ಮನೆ ಕೊಡುವಾಗಲೇ ಆಯಿ ಒಂದು ಮಾತು ಹೇಳಿದ್ದರು. "ನೋಡವಾ ಸರೂ, ಅಂಗಳದಾಗ ಆ ಚಟ್ ಚಟ್ ಅನ್ನೂ ಬ್ಯಾಟ್ ತರಬ್ಯಾಡ. ನಿನ್ನ ಕ್ವಾಣ್ಯಾಗ ಏನರೆ ಮಾಡ್ಕೋ, ನನ್ನ ಕಣ್ಣಮುಂದ ಯಾವ ಜೀವಾನೂ ಸಾಯಬಾರದು." ಸೊಳ್ಳೆ ಹೊಡೆಯುವ ಬ್ಯಾಟಿನ ಮಾತು ಅದು. ತಮ್ಮ ಕೈಮೇಲೆ ಸೊಳ್ಳೆ ಕೂತರೆ ಆಯಿ ಬಾಯಿಂದ ಊದಿ ಕಳಿಸುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು. ಡೆಂಗಿ ಜ್ವರದ ರಕ್ತ ಪರೀಕ್ಷೆ ಮಾಡುವವಳ ಮುಂದೆ ಸೊಳ್ಳೆಗೆ ಇಷ್ಟು ಮರ್ಯಾದೆ! ಆದರೆ ಬಾಡಿಗೆ ಕಡಿಮೆ, ಆಸ್ಪತ್ರೆಗೆ ಹತ್ತಿರ, ಮನುಷ್ಯರು ಛಲೋ. ಸುಮ್ಮನಿದ್ದೆ.

ಸೂಜಿ ಬಂದ ವಾರದಲ್ಲೇ ತಕರಾರು ಶುರುವಾಯಿತು. ಮೊದಲು ಬರೀ ಕೆರೆದುಕೊಳ್ಳುತ್ತಿತ್ತು. ಹಾಲು ಕುಡಿಯುತ್ತಾ ಕುಡಿಯುತ್ತಾ ನಡುವೆ ಬಿಟ್ಟು ಹಿಂಗಾಲಿನಿಂದ ಕುತ್ತಿಗೆ ಕೆರೆಯುವುದು, ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುವುದು. ಆಮೇಲೆ ನೋಡಿದರೆ ಕುತ್ತಿಗೆಯ ಮೇಲೆ ರೂಪಾಯಿ ಅಗಲದಷ್ಟು ಕೂದಲು ಅಂಟಿಕೊಂಡು ಒದ್ದೆಯಾಗಿತ್ತು. ಬೆರಳಿಂದ ಸರಿಸಿದೆ. ಕೂದಲು ಹಾಗೇ ಕಿತ್ತು ಬಂತು. ಕೆಳಗೆ ಕೆಂಪಗೆ ಹಸಿ ಮಾಂಸ, ಅದರಿಂದ ಅಂಟು ನೀರು ಒಸರುತ್ತಿತ್ತು, ಮುಟ್ಟಿದರೆ ಕೆಂಡದ ಹಾಗೆ ಬಿಸಿ. ಬಾಲದ ಬುಡದಲ್ಲಿ ಇಂಥದೇ ಇನ್ನೊಂದು. ಕೂದಲ ಸಂದಿಯಲ್ಲಿ ಕಪ್ಪು ಸಾಸಿವೆಯಂಥವು ಸರ್ರನೆ ಓಡಿದವು. ಚಿಗಟ! ಒಂದಲ್ಲ ಎರಡಲ್ಲ, ಮೈತುಂಬ.

ತುಟಿ ಎತ್ತಿ ಒಸಡು ನೋಡಿದೆ. ಒಸಡು ಕಾಗದದಷ್ಟು ಬೆಳ್ಳಗಾಗಿತ್ತು. ರಕ್ತ ಕಡಿಮೆಯಾದ ಬಸುರಿಯರನ್ನು ದಿನಾ ನೋಡುವವಳು ನಾನು, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಸಾಕು, ಮೆಷಿನ್ನಿಗಿಂತ ಮೊದಲೇ ಹೇಳಿಬಿಡುತ್ತೇನೆ. ಈ ಮರಿಯ ಮೈಯಲ್ಲಿ ಇದ್ದದ್ದೇ ನಾಲ್ಕು ಚಮಚ ರಕ್ತ, ಅದನ್ನೂ ಈ ಚಿಗಟಗಳು ಹೀರಿಬಿಟ್ಟಿದ್ದವು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ಯಜಮಾನರಿಗೆ ಫೋನ್ ಹಚ್ಚಿದೆ. ಅವರು ಬಿಳಗಿ ತಾಲೂಕಿನ ಅನಗವಾಡಿಯವರು, ಮನೆಯಲ್ಲಿ ಎಮ್ಮೆ ಕಟ್ಟಿ ಬೆಳೆದವರು. "ಅಯ್ಯ, ಅದಕ್ಕ್ಯಾಕ ಅಷ್ಟ ತಲಿ ಕೆಡಿಸ್ಕೊಂತಿ? ನಮ್ಮೂರಾಗ ಎಮ್ಮಿಗೆ ಉಣ್ಣಿ ಆದ್ರ ಒಂದ್ ಪುಡಿ ಹಚ್ಚತೇವಿ. ಕಪಾಟಿನ ಮ್ಯಾಲೆ ಡಬ್ಬಿ ಐತಿ ನೋಡು, ಹ್ವಾದ ಸಲ ಊರಿಂದ ತಂದಿದ್ದೆ. ಒಂಚೂರ ಉದುರಸು, ಒಂದ್ ತಾಸಿನ್ಯಾಗ ಎಲ್ಲಾ ಸಾಫ್" ಎಂದರು. ಎಮ್ಮೆಗೆ ನಡೆಯುವುದು ಬೆಕ್ಕಿಗೆ ಯಾಕೆ ನಡೆಯುವುದಿಲ್ಲ ಎಂದು ನನಗೂ ಅನ್ನಿಸಿತು. ಮರಿ ಸಣ್ಣದು, ಪುಡಿ ಸ್ವಲ್ಪ ಹಾಕಿದರಾಯಿತು, ಅಷ್ಟೇ ನನ್ನ ಲೆಕ್ಕ.

ಬಿಸಿಲಿತ್ತೆಂದು ಅಂಗಳಕ್ಕೆ ಬಂದೆ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡೆ. ಮರಿಯನ್ನು ಹಳೆ ಟವೆಲ್ಲಿನ ಮೇಲೆ ಇಟ್ಟು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದ ಆಯಿ ಎದ್ದು ಬಂದರು.

"ಏನವಾ ಅದು?"

"ಚಿಗಟದ ಪುಡಿರಿ ಆಯಿ. ನೋಡ್ರಿ, ಹೆಂಗ ಮೈಯೆಲ್ಲಾ ಹುಣ್ಣ ಮಾಡ್ಯಾವ."

"ಸಾಯ್ತಾವೇನು ಅವು?"

"ಸಾಯಲೆಂತನ ಹಾಕೂದ್ರಿ ಮತ್ತ!"

ಆಯಿ ನಿಧಾನಕ್ಕೆ ಕೂತರು, ಎರಡೂ ಅಂಗೈ ಅಗಲಿಸಿ ಮರಿಯ ಮೇಲೆ ಮುಚ್ಚಿಬಿಟ್ಟರು. "ಹಾಕೂದಿದ್ರ ನನ್ನ ಕೈಮ್ಯಾಲೆ ಹಾಕು. ನನ್ನ ಅಂಗಳದಾಗ ಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. "ಆಯಿ, ಮರಿ ಸಾಯಾಕತ್ತೈತ್ರಿ! ಚಿಗಟದ ಜೀವ ಜೀವ, ಬೆಕ್ಕಿಂದ ಜೀವ ಅಲ್ಲೇನು? ನಿಮ್ಮ ಧರ್ಮದಾಗ ಹಿಂಗ ಬರದೈತೇನು?" ಎಂದು ಬಾಯಿಗೆ ಬಂದಂತೆ ಒದರಿದೆ. ಓಣಿಯ ಕಡೆಯಿಂದ ಇಬ್ಬರು ಇಣುಕಿ ನೋಡಿದರು. ಆಯಿ ಜಗ್ಗಲಿಲ್ಲ. ಕೈಯನ್ನೂ ತೆಗೆಯಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಎರಡೂ ಜೀವನ. ಅದಕ್ಕ ಕುಂತೀನಿ" ಎಂದರು.

ಇವರ ಹತ್ತಿರ ವಾದ ಮಾಡಿ ಏನು ಉಪಯೋಗ ಎಂದುಕೊಂಡು ಮರಿಯನ್ನೂ ಆ ಪುಡಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ನೇರ ದನದ ದವಾಖಾನೆಗೆ ನಡೆದೆ. ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು ಬಂದು ಆಯಿಯ ಮುಂದೆ ನಿಲ್ಲಬೇಕು ಎಂಬ ಹಟ ನನಗೆ.

ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮರಿಯನ್ನು ಮೇಜಿನ ಮೇಲೆ ಇಟ್ಟು ಹುಣ್ಣು ನೋಡಿದರು, ಒಸಡು ನೋಡಿದರು. ಚಿಗಟ ಕಚ್ಚಿದಾಗ ಅದರ ಎಂಜಲು ಕೆಲವು ಮರಿಗಳ ಚರ್ಮಕ್ಕೆ ಒಗ್ಗುವುದಿಲ್ಲವಂತೆ. ಕೆರೆದು, ನೆಕ್ಕಿ, ಕಚ್ಚಿ ಹೀಗೆ ಹಸಿ ಹುಣ್ಣಾಗುತ್ತದಂತೆ. ನಾನು ಪುಡಿಯ ಡಬ್ಬಿ ಮುಂದಿಟ್ಟೆ. "ಇದನ್ನ ಎಷ್ಟ ಹಾಕಬೇಕ್ರಿ ಮೇಡಂ?"

ಅವರು ಡಬ್ಬಿಯ ಮೇಲಿನ ಚೀಟಿ ಓದಿದರು. ಮುಖ ಬದಲಾಯಿತು. "ಹಾಕೀರೇನು?"

"ಇಲ್ರಿ, ಇನ್ನೂ ಹಾಕಿಲ್ಲ."

"ಪುಣ್ಯಾ ಮಾಡೀರಿ. ಇದು ದನಕ್ಕಷ್ಟ. ಬೆಕ್ಕು ಮೈಯೆಲ್ಲಾ ನೆಕ್ಕತೈತಿ, ಔಷಧ ಸೀದಾ ಹೊಟ್ಟಿಗೆ ಹೋಗತೈತಿ. ಇಷ್ಟ ಸಣ್ಣ ಮರಿ, ಅದೂ ರಕ್ತ ಇಲ್ದಿದ್ದು. ಸಂಜೀ ಮಟ ಉಳೀತಿದ್ದಿಲ್ಲ. ನಾಯಿಗೆ ಹಾಕೂ ಔಷಧಾನೂ ಬೆಕ್ಕಿಗೆ ಹಾಕಬಾರದು. ಯಾರ ಹೇಳಿದ್ರು ನಿಮಗ ಇದನ್ನ ಹಾಕ್ರಿ ಅಂತ?"

ಡಬ್ಬಿಯನ್ನು ಮೇಜಿನಿಂದ ತೆಗೆದು ಚೀಲದ ತಳಕ್ಕೆ ತುರುಕಿದೆ. ಆಯಿಯ ಎರಡು ಕೈಗಳು ಅಡ್ಡ ಬರದೆ ಇದ್ದಿದ್ದರೆ ಅಷ್ಟೊತ್ತಿಗಾಗಲೇ ನಾನೇ ನನ್ನ ಕೈಯಾರೆ ಸೂಜಿಯನ್ನು ಕೊಂದಿರುತ್ತಿದ್ದೆ.

ಡಾಕ್ಟರಮ್ಮ ಹುಣ್ಣಿನ ಸುತ್ತ ಕೂದಲು ಕತ್ತರಿಸಿ, ಒರೆಸಿ, ಮುಲಾಮು ಕೊಟ್ಟರು. ರಕ್ತ ಹೆಚ್ಚಾಗಲು ಹನಿ ಕೊಟ್ಟರು, ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಬರೆದುಕೊಟ್ಟರು. ಕುದಿಸಿ ಆರಿಸಿದ ಉಪ್ಪುನೀರಿನಿಂದ ದಿನಾ ಹುಣ್ಣು ಒರೆಸಿ ಒಣಗಲು ಬಿಡಬೇಕು, ನೆಕ್ಕದಂತೆ ಕುತ್ತಿಗೆಗೆ ಪಟ್ಟಿ ಹಾಕಬೇಕು, ಹಾಸಿಗೆಯ ಬಟ್ಟೆ ದಿನಾ ಬಿಸಿನೀರಿಗೆ ಹಾಕಬೇಕು ಎಂದರು. "ಚಿಗಟಕ್ಕ ಈ ವಯಸ್ಸಿನ್ಯಾಗ ಒಂದ ಔಷಧ. ಸೀರಣಿಗಿ ತಗೊಂಡು ಹಣಿಸಿ ಹಣಿಸಿ ತಗೀಬೇಕು. ತಗದ್ದನ್ನ ಸಾಬಾಣ ನೀರಿನ್ಯಾಗ ಹಾಕಿಬಿಡ್ರಿ, ಮುಳುಗತಾವ." ಸೀರಣಿಗೆ ಎಂದರೆ ತಲೆಯ ಹೇನು ತೆಗೆಯುವ ಒತ್ತು ಹಲ್ಲಿನ ಹಣಿಗೆ.

ಮನೆಗೆ ಬಂದು ಆಯಿಗೆ ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬಂದಿತ್ತು, ಮುಚ್ಚಿಡುವುದೇನು. "ಆಯಿ, ನೀವು ಅದರ ಜೀವಾ ಉಳಿಸಿದ್ರಿ" ಎಂದೆ. ಬೇರೆ ಯಾರಾದರೂ ಆಗಿದ್ದರೆ ನಾ ಮೊದಲೇ ಹೇಳಿದ್ದಿಲ್ಲೇನು ಎಂದು ವರ್ಷವಿಡೀ ಆಡಿಕೊಳ್ಳುತ್ತಿದ್ದರು. ಆಯಿ ತಲೆ ಅಲ್ಲಾಡಿಸಿದರು. "ಸುಳ್ಳ ಯಾಕ ಹೇಳ್ಲಿ? ನಾ ಮರೀ ಸಲುವಾಗಿ ತಡೀಲಿಲ್ಲವಾ, ಚಿಗಟದ ಸಲುವಾಗಿ ತಡದೆ. ಮರಿ ಉಳದಿದ್ದು ಅದರ ಆಯುಷ್ಯ."

ಆಮೇಲೆ ಸಾಬೂನು ನೀರಿನ ಮಾತು ಬಂತು. ಆಯಿಯ ಮುಖ ನೋಡಿದೆ, ಮತ್ತೆ ಜಗಳ ಬೇಡ ಎನ್ನಿಸಿತು. ಅವರೇ ಒಂದು ದಾರಿ ಹೇಳಿದರು. "ನೀ ಮುಂಜಾನೆ ಡ್ಯೂಟಿಗೆ ಹೋಗ್ತಿ. ಹಣಸೂದು ನನಗ ಬಿಡು. ಹುಣ್ಣ ತೊಳಿಯೂದು, ಔಷಧ ಹಚ್ಚೂದು ನಿಂದು. ಹಾಸಿಗಿ ಬಟ್ಟಿ ನಿನ್ನ ಮನೀದು, ನಿನ್ನ ಲೆಕ್ಕ. ತಗದ ಚಿಗಟ ನನ್ನ ಲೆಕ್ಕ." ನಾನು ಒಪ್ಪಿಕೊಂಡೆ. ಹಣಿಸಲು ತಾಸುಗಟ್ಟಲೆ ಪುರುಸೊತ್ತು ನನಗೆಲ್ಲಿತ್ತು?

ಕುತ್ತಿಗೆಯ ಪಟ್ಟಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದೆ. ಹಿಂದೆ ಯಜಮಾನರು ಬೈಕಿನಿಂದ ಬಿದ್ದಾಗ ತೆಗೆಸಿದ್ದ ಎಕ್ಸ್‌ರೇ ಹಾಳೆ ಮನೆಯಲ್ಲೇ ಇತ್ತು. ಅದನ್ನೇ ದುಂಡಗೆ ಕತ್ತರಿಸಿ, ಅಂಚಿಗೆ ಮೆತ್ತಗಿನ ಬಟ್ಟೆ ಹೊಲಿದು ಸೂಜಿಯ ಕುತ್ತಿಗೆಗೆ ಹಾಕಿದೆ. ನಮ್ಮ ಯಜಮಾನರ ಮುಂಗೈ ಎಲುಬು ಹೊತ್ತುಕೊಂಡು ಬೆಕ್ಕು ಅಂಗಳದ ತುಂಬ ಓಡಾಡಿತು. ಫೋಟೋ ತೆಗೆದು ಕಳಿಸಿದೆ. "ಹೆಂಡ್ತಿಯಂತೂ ಮದಲ ಕೈ ಕಟ್ಟಿ ಹಾಕ್ಯಾಳ, ಈಗ ಬೆಕ್ಕೂ ಅದ ಕೈಯನ್ನ ಕುತ್ತಿಗಿಗೆ ಹಾಕ್ಕೊಂತು" ಎಂದು ಉತ್ತರ ಬಂತು.

ಇನ್ನು ಆಯಿ ಹಣಿಸುವುದನ್ನು ನೋಡಬೇಕಿತ್ತು. ಬಿಸಿಲು ಬೀಳುವ ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಟ್ಟಿಗೆಯ ಸೀರಣಿಗೆಯಿಂದ ಹುಣ್ಣಿಗೆ ತಾಕದಂತೆ ತಲೆಯಿಂದ ಬಾಲದ ಕಡೆಗೆ ಎಳೆಯುತ್ತಿದ್ದರು. ಸಿಕ್ಕ ಚಿಗಟವನ್ನು ಒದ್ದೆ ಹತ್ತಿಯ ತುದಿಗೆ ಅಂಟಿಸಿಕೊಂಡು ಹಗುರಕ್ಕೆ ಸ್ಟೀಲಿನ ಡಬ್ಬಿಯೊಳಗೆ ಬಿಡುತ್ತಿದ್ದರು. ಡಬ್ಬಿಯ ಬಾಯಿಗೆ ಹಳೆಯ ತೆಳು ಸೀರೆಯ ತುಂಡು ಬಿಗಿದು ದಾರ ಕಟ್ಟಿರುತ್ತಿತ್ತು, ಚಿಗಟ ಬಿಡುವಾಗ ಒಂದು ಮೂಲೆ ಮಾತ್ರ ಸಡಿಲಿಸುತ್ತಿದ್ದರು. ಒಂದು ಚಿಗಟವೂ ಜಿಗಿದು ಹೋಗುತ್ತಿರಲಿಲ್ಲ, ಒಂದೂ ಉಗುರಿಗೆ ಸಿಕ್ಕಿ ಚಪ್ಪಟೆಯಾಗುತ್ತಿರಲಿಲ್ಲ. ಸೂಜಿಗೂ ಅದು ರೂಢಿಯಾಯಿತು. ನನ್ನ ಕೈ ಕಂಡರೆ ಓಡುತ್ತಿದ್ದ ಪ್ರಾಣಿ ಆಯಿಯ ತೊಡೆಯ ಮೇಲೆ ಗುರುಗುರು ಎಂದು ನಿದ್ದೆ ಹೊಡೆಯುತ್ತಿತ್ತು.

"ಈ ಡಬ್ಬೀನ ಏನ್ ಮಾಡ್ತೀರಿ ಆಯಿ? ಹೊರಗ ಬಿಟ್ರ ಓಣಿ ನಾಯಿ ಮೈಯಾಗ ಸೇರ್ತಾವಲ್ಲ?" ಎಂದು ಒಂದು ಸಲ ಕೇಳಿದೆ.

"ಹೊರಗ ಬಿಡಂಗಿಲ್ಲ. ನನ್ನ ಲೆಕ್ಕ ಅಂದೀನಲ್ಲ, ಇರಲಿ ಬಿಡು" ಎಂದರು. ನಾನೂ ಅಲ್ಲಿಗೇ ಬಿಟ್ಟೆ. ಡಬ್ಬಿಯಲ್ಲೇ ಇದ್ದು ಸಾಯುತ್ತವೆ ಎಂದುಕೊಂಡೆ.

ದಿನ ಕಳೆದಂತೆ ಹುಣ್ಣು ಒಸರುವುದು ನಿಂತಿತು. ಮೇಲೆ ಒಣ ಪದರ ಕಟ್ಟಿತು, ಅದು ಉದುರಿದ ಮೇಲೆ ಒಳಗೆ ಎಳೆಯ ಗುಲಾಬಿ ಚರ್ಮ. ಒಂದು ದಿನ ಬೆಳಗಿನ ಬಿಸಿಲಿಗೆ ಹಿಡಿದು ನೋಡಿದರೆ ಆ ಬೋಳು ಜಾಗದಲ್ಲಿ ಸಣ್ಣಗೆ ಬೂದು ಕೂದಲು ಮೊಳೆಯುತ್ತಿತ್ತು. ಒಸಡಿಗೂ ಬಣ್ಣ ಬರತೊಡಗಿತ್ತು. ಇಷ್ಟು ವರ್ಷ ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಕಣ ನೋಡಿದವಳು ನಾನು, ಆದರೂ ಅಂಗೈಯಗಲದ ಆ ಮೈ ತನ್ನ ಚರ್ಮವನ್ನು ತಾನೇ ಮತ್ತೆ ಕಟ್ಟಿಕೊಳ್ಳುವುದನ್ನು ನೋಡುತ್ತಾ ಚಹಾ ಆರಿಹೋದದ್ದೂ ಗೊತ್ತಾಗಲಿಲ್ಲ.

ಹಾಗೆ ಖುಷಿಯಲ್ಲಿರುವಾಗಲೇ ಆ ಭಾನುವಾರ ಬಂತು. ಮಧ್ಯಾಹ್ನ ಆಯಿ ನಳದ ಹತ್ತಿರ ಕಾಲು ತೊಳೆಯುತ್ತಿದ್ದರು. ಸೀರೆಯನ್ನು ಸ್ವಲ್ಪ ಮೇಲೆ ಹಿಡಿದಿದ್ದರು. ನಾನು ಬಟ್ಟೆ ಒಣಹಾಕುತ್ತಿದ್ದವಳು ತಿರುಗಿ ನೋಡಿದೆ. ಆಯಿಯ ಎಡಗಾಲಿನ ಮೇಲೆ, ಮೊಣಕಾಲಿನ ಕೆಳಗೆ, ಕೆಂಪಗೆ ದುಂಡಗಿನ ಒಂದು ಉಂಗುರ. ಅದರ ಕೆಳಗೆ ಇನ್ನೊಂದು. ಒಂದು ಹಳತಾಗಿ ಕಪ್ಪಿಟ್ಟಿತ್ತು, ಒಂದು ಹೊಸದು, ಕೆರೆದು ನೀರೂ ಬಂದಿತ್ತು.

ಗಜಕರ್ಣ! ಬೆಕ್ಕಿನ ಮರಿಗಳಿಂದ ಮನುಷ್ಯರಿಗೆ ಹತ್ತುವ ಚರ್ಮದ ರೋಗ, ಉಂಗುರದ ಹಾಗೆಯೇ ಬರುತ್ತದೆ. ದಿನಾ ತೊಡೆಯ ಮೇಲೆ ಹಾಕಿಕೊಂಡರೆ ಇನ್ನೇನಾಗುತ್ತದೆ? ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಆಯಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಅವರ ರಕ್ತ ತೆಗೆದು ನೋಡುವವಳು ನಾನೇ. ಸಕ್ಕರೆ ಕಾಯಿಲೆಯವರ ಕಾಲಿನ ಸಣ್ಣ ಗಾಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ದಿನಾ ಕಾಣುತ್ತೇನೆ. ಕಾಲು ಕಳೆದುಕೊಂಡು ಹೋದವರನ್ನೂ ಕಂಡಿದ್ದೇನೆ.

"ಆಯಿ, ಏನ್ರಿ ಇದು? ಯಾವಾಗಿಂದ ಐತಿ?"

ಅವರು ಗಡಬಡಿಸಿ ಸೀರೆ ಇಳಿಬಿಟ್ಟರು. "ಏನಿಲ್ಲ ಬಿಡವಾ. ಒಣಗತೈತಿ."

"ಏನಿಲ್ಲಂದ್ರ? ಬೆಕ್ಕಿನ ರೋಗ ಹತ್ತೈತ್ರಿ ನಿಮಗ! ಸಕ್ಕರಿ ಇದ್ದಾವರು ಕಾಲಾಗ ಹುಣ್ಣ ಮಾಡ್ಕೊಂಡು ಏನಿಲ್ಲ ಅಂತೀರಲ್ಲ!"

ನಿರ್ಧಾರ ಮಾಡಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೂಜಿ ಈ ಮನೆಯಲ್ಲಿ ಇನ್ನು ಒಂದು ದಿನವೂ ಇರಕೂಡದು. ಅನಗವಾಡಿಗೆ ಒಯ್ದು ಅತ್ತೆಯ ದನದ ಕೊಟ್ಟಿಗೆಯಲ್ಲಿ ಬಿಟ್ಟು ಬರುತ್ತೇನೆ. ಅಲ್ಲಿ ಅದಕ್ಕೆ ಯಾರೂ ಹಣಿಸುವುದಿಲ್ಲ, ಔಷಧ ಹಚ್ಚುವುದಿಲ್ಲ, ಎಮ್ಮೆಯ ಮೈಯ ಉಣ್ಣಿಯೂ ಸೇರಿ ಮತ್ತೆ ಹುಣ್ಣಾಗಿ ಸಾಯುತ್ತದೆ ಎಂದೂ ಗೊತ್ತಿತ್ತು. ಆದರೆ ಒಂದು ಕಡೆ ಬೆಕ್ಕು, ಒಂದು ಕಡೆ ಆಯಿಯ ಕಾಲು. ಮರಿಯನ್ನು ಚೀಲಕ್ಕೆ ಹಾಕಿದೆ, ಚಪ್ಪಲಿ ಮೆಟ್ಟಿದೆ.

ಬಾಗಿಲಿಗೆ ಬರುವಷ್ಟರಲ್ಲಿ ಆಯಿ ಅಡ್ಡ ನಿಂತಿದ್ದರು. "ಎಲ್ಲಿಗೆ ಒಯ್ಯಾಕತ್ತಿ?"

"ಊರಿಗ್ರಿ. ಸರೀರಿ ಆ ಕಡೆ."

"ಅದರ ತಪ್ಪಿಲ್ಲ ಸರೂ. ಅದರಿಂದ ಆಗಿದ್ದಲ್ಲ ಇದು."

"ಮತ್ತ ಯಾರಿಂದ ಆಗೈತ್ರಿ?"

ಆಯಿ ನನ್ನ ಮುಖ ನೋಡಿದರು. ಆಮೇಲೆ "ಬಾ ಇಲ್ಲೆ" ಎಂದು ಒಳಗೆ ಹೋಗಿ ಆ ಸ್ಟೀಲಿನ ಡಬ್ಬಿ ತಂದರು. ಕಟ್ಟೆಯ ಮೇಲೆ ಕೂತರು, ಎಡಗಾಲಿನ ಸೀರೆ ಸರಿಸಿದರು. ದಾರ ಬಿಗಿಯಿದೆಯೇ ಎಂದು ನೋಡಿ, ಬಟ್ಟೆ ಕಟ್ಟಿದ ಡಬ್ಬಿಯನ್ನು ಬೋರಲಾಗಿ ಕಾಲಿನ ಮೇಲೆ ಇಟ್ಟು ಹಿಡಿದುಕೊಂಡರು. ಡಬ್ಬಿಯ ಬಾಯಿ ಆ ಕೆಂಪು ಉಂಗುರದ ಮೇಲೆ ಸರಿಯಾಗಿ ಕೂತಿತು.

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತೆಳು ಬಟ್ಟೆಯ ಎಳೆಗಳ ಸಂದಿಯಿಂದ ಚಿಗಟಗಳು ಆಯಿಯ ಕಾಲನ್ನೇ ಕಚ್ಚುತ್ತಿದ್ದವು. ಚಪ್ಪಲಿ ಕಾಲಲ್ಲೇ ಇತ್ತು, ಹಾಗೇ ನೆಲಕ್ಕೆ ಕೂತುಬಿಟ್ಟೆ.

"ತಗದು ಡಬ್ಬ್ಯಾಗ ಹಾಕಿ ಉಪಾಸ ಕೆಡವಿದ್ರ ಅದೂ ಕೊಂದಂಗನ ಅಲ್ಲೇನವಾ?" ಆಯಿ ತಮ್ಮ ಪಾಡಿಗೆ ಹೇಳುತ್ತಿದ್ದರು. "ಮುನಿ ಮಹಾರಾಜರ ಮುಂದ ನೇಮ ತಗೊಂಡೀನಿ. ತಿಳದೂ ತಿಳದೂ ಯಾವ ಜೀವಾನೂ ಕೊಲ್ಲಂಗಿಲ್ಲ ಅಂತ. ಹೊರಗ ಬಿಟ್ರ ನಾಯೀನ ಕಡಿತಾವ, ಬೆಕ್ಕಿನ ಮೈಯಾಗ ಬಿಟ್ರ ಮರಿ ಸಾಯ್ತೈತಿ. ಆ ಮರೀ ಮೈಯಾಗ ರಗತಿಲ್ಲ. ನನ್ನ ಮೈಯಾಗೈತಿ. ಮತ್ತೇನೈತಿ ಇದರಾಗ ದೊಡ್ಡ ವಿಚಾರ? ಅವೂ ಎಷ್ಟ ದಿನ ಇರ್ತಾವ. ಅವುಗಳ ಆಯುಷ್ಯ ಮುಗೀ ಮಟ ನಾಕ ಹನಿ ಕೊಟ್ರ ನನ್ನ ಗಂಟೇನ ಹೋಗತೈತಿ?"

"ದಿನಾ ಮಾಡ್ತೀರೇನ್ರಿ ಹಿಂಗ?"

"ನೀವೆಲ್ಲಾ ಡ್ಯೂಟಿಗೆ ಹ್ವಾದ ಮ್ಯಾಲೆ. ಸೊಸಿ ನೋಡಿದ್ರ ಡಬ್ಬೀನ ಒಗೀತಾಳ. ನೀ ನೋಡಿದ್ರ ಒದರ್ತಿ."

ರಕ್ತ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಒಂದು ಹನಿ ಕೊಡಲು ಜನ ಹೇಗೆ ಮುಖ ಕಿವುಚುತ್ತಾರೆ, ತಮ್ಮವರಿಗೇ ಬಾಟಲಿ ರಕ್ತ ಬೇಕೆಂದಾಗ ಹೇಗೆ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ ಎಂದು ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿ ಒಬ್ಬ ಮುದುಕಿ ಯಾರಿಗೂ ಹೇಳದೆ, ಯಾರೂ ನೋಡದ ಹೊತ್ತು ಹುಡುಕಿ, ಎಲ್ಲರೂ ಉಗುರಿನಲ್ಲಿ ಕುಕ್ಕುವ ಹುಳಕ್ಕೆ ಕಾಲು ಕೊಟ್ಟು ಕೂತಿದ್ದರು. ಸೊಳ್ಳೆ ಊದುವುದನ್ನು ನೋಡಿ ನಕ್ಕವಳಿಗೆ ಆ ಹೊತ್ತು ಅವರ ಮುಖ ಎತ್ತಿ ನೋಡುವ ಧೈರ್ಯವಾಗಲಿಲ್ಲ. ಮೈಯೆಲ್ಲ ಮುಳ್ಳೆದ್ದಿತ್ತು. ದೇವರ ಗುಡಿಯಲ್ಲೂ ನನಗೆ ಅಂಥದ್ದು ಆಗಿದ್ದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆ ಹಸಿ ಗಾಯ ಕಣ್ಣಿಗೆ ಬಿತ್ತು. ನನ್ನೊಳಗಿನ ಲ್ಯಾಬಿನವಳು ಎದ್ದು ಕೂತಳು.

"ಆಯಿ, ನಿಮ್ಮ ನೇಮ ದೊಡ್ಡದ್ರಿ, ನಾ ಇಲ್ಲಂತ ಅನ್ನಂಗಿಲ್ಲ. ಖರೆ ನಿಮ್ಮ ರಕ್ತದಾಗ ಸಕ್ಕರಿ ಎಷ್ಟ ಐತಿ ನನಗ ಗೊತ್ತೈತಿ. ಈ ಗಾಯ ಕೊಳತ್ರ ಕಾಲ ತಗೀಬೇಕಾಗತೈತಿ. ಇವತ್ತಿಗೆ ಇದು ನಿಂದರಬೇಕು."

"ನಿಂದರಸಿ ಇವನ್ನ ಏನ್ ಮಾಡ್ಲಿ?"

"ಸಾಬಾಣ ನೀರಿಗೆ ಹಾಕ್ರಿ ಅಂತ ಡಾಕ್ಟರ್ ಹೇಳ್ಯಾರ."

ಆಯಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊದಲ ಬಾರಿಗೆ ಅವರ ಕಣ್ಣು ತುಂಬಿದ್ದನ್ನು ಕಂಡೆ. "ಇಷ್ಟ ದಿನಾ ನನ್ನ ರಗತಾ ಉಂಡಾವವಾ. ಈಗ ನಾನ ನೀರಿಗೆ ಹಾಕ್ಲೇನು?" ಎಂದರು. ಮಕ್ಕಳ ಬಗ್ಗೆ ಮಾತಾಡುವ ದನಿ ಅದು. ಹಟಕ್ಕೆ ಹೇಳಿದ ಮಾತಲ್ಲ. ನೇಮ ಮುರಿದರೆ ಆ ಜೀವ ಒಳಗೇ ಒಡೆದುಹೋಗುತ್ತದೆ, ಮುರಿಯದಿದ್ದರೆ ಕಾಲು ಹೋಗುತ್ತದೆ. ಸೂಜಿ ಚೀಲದೊಳಗಿಂದ ತಲೆ ಹೊರಗೆ ಹಾಕಿ ಮಿಯಾಂವ್ ಎಂದಿತು.

ಮುಂದೆ ನಾನು ಮಾಡಿದ್ದು ಯೋಚನೆ ಮಾಡಿ ಮಾಡಿದ್ದಲ್ಲ. ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಎಸೆದೆ. ಚೂಡಿದಾರದ ಕಾಲನ್ನು ಮೊಣಕಾಲಿನ ತನಕ ಮೇಲೇರಿಸಿದೆ.

"ಕೊಡ್ರಿ ಇಲ್ಲೆ ಡಬ್ಬಿ."

"ಏನ್ ಮಾಡಾಕತ್ತಿ?"

"ನನಗ ಸಕ್ಕರಿ ಇಲ್ಲ."

"ಹುಚ್ಚಿ, ಬ್ಯಾಡ! ಇದು ನನ್ನ ನೇಮ, ನಿಂದಲ್ಲ."

"ನೇಮ ನಿಮ್ದ ಇರಲ್ರಿ. ನಿಮ್ಮ ಕಾಲು ಕಾಯೂದು ನನ್ನ ಕೆಲಸ. ಕೊಡ್ರಿ ಅಂದ್ರ ಕೊಡ್ರಿ."

ಜೋರು ಬಾಯಿ ಅಂದು ಒಂದಾದರೂ ಒಳ್ಳೆಯ ಕೆಲಸಕ್ಕೆ ಬಂತು. ಆಯಿ ಡಬ್ಬಿ ಕೊಟ್ಟರು. ನನ್ನ ಕಾಲಿನ ಮೇಲೆ ಬೋರಲು ಹಾಕಿಕೊಂಡೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಚುರ್, ಇನ್ನೊಂದು ಚುರ್, ಅದರ ಹಿಂದೆಯೇ ಉರಿಯೋ ಉರಿ! "ಎಲಾ ಇವುಗಳ ಮನಿ ಹಾಳಾಗ" ಎಂದು ಬಾಯಿಂದ ಹೊರಟೇಬಿಟ್ಟಿತು. ಆಯಿ ಕಣ್ಣೊರೆಸಿಕೊಂಡು ಗೊಳ್ಳೆಂದು ನಕ್ಕರು. "ಬೈಬ್ಯಾಡ, ಉಣ್ಣೂ ಹೊತ್ತಿನ್ಯಾಗ ಯಾರಿಗೂ ಬೈಬಾರದು" ಎಂದರು. ನಾನೂ ನಕ್ಕೆ. ಅದೇ ಹೊತ್ತಿಗೆ ಸರಿಯಾಗಿ ಯಜಮಾನರು ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ನಿಂತರು. ಕಟ್ಟೆಯ ಮೇಲೆ ಕಾಲು ಚಾಚಿ ಅದರ ಮೇಲೆ ಸ್ಟೀಲಿನ ಡಬ್ಬಿ ಬೋರಲು ಹಾಕಿಕೊಂಡು ನಗುತ್ತಿದ್ದ ಹೆಂಡತಿಯನ್ನು ನೋಡಿ, "ಏನ್ ನಡಸೀರಿ ಇಬ್ಬರೂ?" ಎಂದರು. ವಿಷಯ ಕೇಳಿದ ಮೇಲೆ ಅವರೂ ತಲೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಹೀಗೆ ಮಾಡಲು ಹೋಗಬೇಡಿ. ಚಿಗಟ ಕಚ್ಚಿದರೆ ಮನುಷ್ಯರಿಗೂ ರೋಗ ಬರಬಹುದು. ಡಾಕ್ಟರಮ್ಮ ಹೇಳಿದ ಸಾಬೂನು ನೀರೇ ಸರಿ. ಇನ್ನೊಬ್ಬರು ಬಂದು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆಯಿಯ ಮುಂದೆ ಕೂತಾಗ ಆ ಸರಿಯನ್ನು ಎರಡನೇ ಸಲ ಹೇಳಲು ನನ್ನ ನಾಲಗೆ ಏಳಲಿಲ್ಲ.

ಅಂದೇ ಆಯಿಯ ಗಾಯ ತೊಳೆದು ನಮ್ಮ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದೆ. ಔಷಧ ಕೊಟ್ಟರು, ದಿನಾ ಡ್ರೆಸ್ಸಿಂಗ್ ಮಾಡಿದೆ. ಡ್ಯೂಟಿಯಿಂದ ಬಂದ ಮೇಲೆ ಡಬ್ಬಿಯ ಪಾಳಿ ನನ್ನದು. ಅಷ್ಟರಲ್ಲಿ ಸೀರಣಿಗೆಗೆ ಹೊಸ ಚಿಗಟ ಸಿಗುವುದೂ ನಿಂತಿತ್ತು. ಡಬ್ಬಿಯಲ್ಲಿದ್ದವು ಮಾತ್ರ, ಅವೂ ದಿನಕ್ಕಷ್ಟು ಕಡಿಮೆಯಾಗುತ್ತ ಬಂದವು. ಆಯಿಯ ಗಾಯ ನಿಧಾನಕ್ಕೆ, ನನ್ನ ಜೀವ ಕೈಯಲ್ಲಿ ಹಿಡಿಸಿ, ಕೊನೆಗೂ ಒಣಗಿತು. ಅದು ಪೂರ್ತಿ ಮುಚ್ಚಿದ ದಿನ ನಾನು ಆಸ್ಪತ್ರೆಯಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಯಾಕೆ ಎಂದು ಕೇಳಿದವರಿಗೆ ಬೆಕ್ಕಿಗೆ ಹುಷಾರಾಯಿತು ಎಂದೆ. ಸೂಜಿ ಈಗ ಗೋಡೆ ಹತ್ತುತ್ತದೆ. ಕುತ್ತಿಗೆಯಲ್ಲಿ ಹುಣ್ಣು ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ.

ಕೊನೆಯ ದಿನದ ಮಾತು ಹೇಳಿ ಮುಗಿಸುತ್ತೇನೆ. ಮಧ್ಯಾಹ್ನ ಬಂದು ಡಬ್ಬಿ ಕೈಗೆತ್ತಿಕೊಂಡೆ. ಆಯಿ "ಇವತ್ತ ಬ್ಯಾಡವಾ" ಎಂದರು. ಬಟ್ಟೆ ಬಿಚ್ಚಿ ತೋರಿಸಿದರು. ಹತ್ತಿಯ ಮೇಲೆ ಒಂದೇ ಒಂದು ಚಿಗಟ ಉಳಿದಿತ್ತು. ಜಿಗಿಯುವ ಶಕ್ತಿ ಹೋಗಿ ಒಂದು ಕಡೆ ವಾಲಿತ್ತು, ಕಾಲು ಮೆಲ್ಲಗೆ ಆಡುತ್ತಿತ್ತು. ಆಯಿ ಸೆರಗನ್ನು ತಲೆಯ ಮೇಲೆ ಹೊದ್ದು, ಡಬ್ಬಿಯ ಹತ್ತಿರ ಬಾಗಿ ಣಮೋಕಾರ ಹೇಳತೊಡಗಿದರು. ಅವರಲ್ಲಿ ಮನುಷ್ಯರು ಸಾಯುವಾಗ ಕಿವಿಯಲ್ಲಿ ಹೇಳುವ ಮಂತ್ರ ಅದು. ಅವಸರವಿಲ್ಲದೆ, ಒಂದೊಂದೇ ಶಬ್ದ, ಒಳಗಿರುವುದಕ್ಕೆ ಸ್ಪಷ್ಟವಾಗಿ ಕೇಳಿಸಬೇಕು ಎನ್ನುವ ಹಾಗೆ. ಹೇಳಿ ಮುಗಿಯುವಷ್ಟರಲ್ಲಿ ಅದರ ಕಾಲು ಆಡುವುದು ನಿಂತಿತ್ತು. ನಾನು ಕೆಳಗೆ ನೋಡಿಕೊಂಡಾಗ ನನ್ನ ಎರಡೂ ಕೈಗಳು ತಾವಾಗಿಯೇ ಜೋಡಿಯಾಗಿದ್ದವು. ಚಿಗಟಕ್ಕೆ ಕೈಮುಗಿದೆ ಎಂದು ಈ ತನಕ ಯಾರ ಮುಂದೆಯೂ ಹೇಳಿಲ್ಲ, ಹೇಳಿದರೆ ನಗುತ್ತಾರೆ. ಆವತ್ತು ನನಗೆ ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ.